ನೃತ್ಯ-ರಂಗ ತಂಡದ ಆರ್ಟಿಸ್ಟಿಕ್ ಡೈರೆಕ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರದರ್ಶನ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಜನ ಕೇಳಿದ್ದು, ವರ್ಕ್‌ಶಾಪಿಗೆ ಬಂದ ಹುಡುಗ ಹುಡುಗಿಯರು ಕೇಳಿದ್ದು, ಅವರ ಅಪ್ಪ ಅಮ್ಮ ಫೋನ್ ಮಾಡಿ ವಿಚಾರಿಸಿದ್ದು, ಪತ್ರದಲ್ಲಿ ಬಂದದ್ದು, ಎಲ್ಲ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಜರ್ಮನಿಯ ವುಪ್ಪರ್ಟಾಲ್ ಊರಿನಲ್ಲಿ ಕೊರಿಯೋಗ್ರಾಫರ್ ಪೀನಾ ಬೌಷ್ ನಡೆಸಿದ ತಂಡದ ಹೆಸರು ಜಾಸ್ತಿ ಬರುತ್ತದೆ. ತಂಡಕ್ಕೆ ಒಬ್ಬ ಮುಖ್ಯಸ್ಥೆ ಬಂದಾಗ ಏನಾಗುತ್ತದೆ, ಹೋದಾಗ ಏನಾಗುತ್ತದೆ, ಎರಡೂ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

## ಮೊದಲ ಪರಿಚಯ

ಫಿಸಿಕಲ್ ಥಿಯೇಟರ್ ಅಂದ್ರೆ ನಾಟಕವಾ, ಡಾನ್ಸಾ? ಯಾವುದಾದ್ರೂ ಒಂದು ಹೇಳಿ ಸಾರ್.

ಎರಡೂ. ಕಥೆಯನ್ನೋ ಪಾತ್ರವನ್ನೋ ಮುಖ್ಯವಾಗಿ ಮೈಯಿಂದ ಹೇಳುವ ರಂಗಭೂಮಿ ಇದು. ಮಾತು ಇರಬಹುದು, ಇಲ್ಲದೆಯೂ ಇರಬಹುದು. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲ. ವೇಷಧಾರಿ ಕುಣಿಯುತ್ತಾನೆ, ಕುಣಿತ ನಿಲ್ಲಿಸಿ ಅರ್ಥ ಹೇಳುತ್ತಾನೆ, ಮತ್ತೆ ಕುಣಿಯುತ್ತಾನೆ. ಯೂರೋಪಿನಲ್ಲಿ ಬ್ಯಾಲೆ ಒಂದು ಮನೆ, ನಾಟಕ ಇನ್ನೊಂದು ಮನೆ ಎಂದು ಬೇರೆ ಬೇರೆ ಇಟ್ಟಿದ್ದರು. ಹಾಗಾಗಿ ಎರಡೂ ಸೇರಿದಾಗ ಹೊಸ ಹೆಸರು ಬೇಕಾಯಿತು. ಜರ್ಮನಿಯಲ್ಲಿ ಟಾನ್ಸ್‌ಥಿಯೇಟರ್, ಅಂದರೆ ನೃತ್ಯರಂಗ, ಎಂದರು. ಬ್ರಿಟನ್ನಿನಲ್ಲಿ ಲಾಯ್ಡ್ ನ್ಯೂಸನ್ 1986ರಲ್ಲಿ ಕಟ್ಟಿದ ಡಿವಿ8 ತಂಡ ಫಿಸಿಕಲ್ ಥಿಯೇಟರ್ ಎಂಬುದನ್ನು ತನ್ನ ಹೆಸರಿಗೇ ಸೇರಿಸಿಕೊಂಡಿತು.

ಆರ್ಟಿಸ್ಟಿಕ್ ಡೈರೆಕ್ಟರ್ ಅಂದ್ರೆ ಕೊರಿಯೋಗ್ರಾಫರೇ ಅಲ್ವಾ?

ಎಷ್ಟೋ ತಂಡಗಳಲ್ಲಿ ಇಬ್ಬರೂ ಒಬ್ಬರೇ. ಆದರೆ ಕೆಲಸ ಎರಡು. ಕೊರಿಯೋಗ್ರಾಫರ್ ಒಂದು ಕೃತಿ ಕಟ್ಟುತ್ತಾರೆ. ಆರ್ಟಿಸ್ಟಿಕ್ ಡೈರೆಕ್ಟರ್ ಈ ವರ್ಷ ಯಾವ ಕೃತಿ, ಯಾವ ಹಳೆಯದನ್ನು ಮತ್ತೆ ಎತ್ತಬೇಕು, ತಂಡಕ್ಕೆ ಯಾರು ಬರಬೇಕು, ಯಾವ ಊರಿನ ಕರೆಗೆ ಹೋಗಬೇಕು, ಯಾವುದಕ್ಕೆ ಆಗಲ್ಲ ಅನ್ನಬೇಕು ಎಂದು ತೀರ್ಮಾನಿಸುತ್ತಾರೆ. ಮೇಳದ ಲೆಕ್ಕದಲ್ಲಿ ಹೇಳುವುದಾದರೆ, ಆ ರಾತ್ರಿಯ ಆಟ ಭಾಗವತರ ಕೈಯಲ್ಲಿ, ಇಡೀ ತಿರುಗಾಟ ಯಜಮಾನರ ಕೈಯಲ್ಲಿ. ಇಲ್ಲಿ ಎರಡೂ ಒಬ್ಬರ ತಲೆಯ ಮೇಲೇ ಬೀಳುವುದು ಸಾಮಾನ್ಯ. ಅದಕ್ಕೇ ಈ ಕುರ್ಚಿ ಕಷ್ಟದ್ದು.

ತಾಲೀಮು ಇರೋದು ಒಂದೆರಡು ಗಂಟೆ. ಉಳಿದ ಹೊತ್ತು ಏನು ಮಾಡ್ತಾರೆ?

ಪೂರ್ಣಕಾಲಿಕ ತಂಡದಲ್ಲಿ ಬೆಳಿಗ್ಗೆ ಕ್ಲಾಸ್ ಇರುತ್ತದೆ. ಅದು ಪ್ರದರ್ಶನದ ತಾಲೀಮಲ್ಲ, ಮೈ ಹದ ಮಾಡಿಕೊಳ್ಳುವ ಸಾಧನೆ. ಕಳರಿ, ಬ್ಯಾಲೆ, ಯೋಗ, ನೆಲದ ಮೇಲಿನ ಉರುಳಾಟ, ತಂಡಕ್ಕೊಂದು ಬಗೆ. ಆಮೇಲೆ ತಾಲೀಮು. ಮಧ್ಯೆ ಮಧ್ಯೆ ಹಾಲ್ ಬಾಡಿಗೆ, ಅನುದಾನದ ಅರ್ಜಿ, ಯಾರದ್ದೋ ಮೊಣಕಾಲಿನ ಸ್ಕ್ಯಾನ್ ರಿಪೋರ್ಟ್, ಯಾರದ್ದೋ ವೀಸಾ.

ಹೊರಗಿನವರಿಗೆ ಕಾಣದ ಒಂದು ಹೊತ್ತಿದೆ, ರನ್-ಥ್ರೂ, ಅಂದರೆ ಇಡೀ ಕೃತಿಯನ್ನು ನಿಲ್ಲಿಸದೆ ಆಡಿ ನೋಡುವುದು, ಮುಗಿದ ಮೇಲಿನದು. ನರ್ತಕರು ನೆಲದಲ್ಲಿ ಬಿದ್ದುಕೊಂಡು, ಕಾಲನ್ನು ಗೋಡೆಗೆ ಎತ್ತಿಟ್ಟಿರುತ್ತಾರೆ. ಒಬ್ಬಳು ಹೆಬ್ಬೆರಳಿಗೆ ಸುತ್ತಿದ ಟೇಪ್ ಬಿಚ್ಚುತ್ತಿರುತ್ತಾಳೆ. ಡೈರೆಕ್ಟರ್ ನೋಟ್‌ಬುಕ್ ತೆಗೆದು ಒಂದೊಂದೇ ಓದುತ್ತಾರೆ: "ಎರಡನೇ ಲಿಫ್ಟ್‌ನಲ್ಲಿ ಕೈ ಬೇಗ ಬಿಡ್ತಿದ್ದೀಯ. ಅವಳ ತೂಕ ಇನ್ನೂ ನೆಲಕ್ಕೆ ಇಳಿದಿರಲ್ಲ." ನನ್ನ ಕೇಳಿದರೆ ಈ ಅರ್ಧ ಗಂಟೆಯೇ ಆ ಹುದ್ದೆಯ ತಿರುಳು. ಯಾರಿಗೆ ಎಲ್ಲರೆದುರು ಹೇಳಬೇಕು, ಯಾರಿಗೆ ಆಮೇಲೆ ಪಕ್ಕಕ್ಕೆ ಕರೆದು ಹೇಳಬೇಕು ಅನ್ನುವುದು ಗೊತ್ತಿರಬೇಕು.

ನರ್ತಕರಾಗಿ ಹೆಸರು ಮಾಡದವರು ಈ ಕೆಲಸ ಮಾಡಬಹುದಾ?

ಮಾಡಬಹುದು. ನ್ಯೂಸನ್ ಓದಿದ್ದು ಮನಶ್ಶಾಸ್ತ್ರ. ಬ್ರಿಟನ್ನಿನ ಫ್ರಾಂಟಿಕ್ ಅಸೆಂಬ್ಲಿ ಎಂಬ ತಂಡ ಶುರು ಮಾಡಿದವರು ಡಾನ್ಸ್ ಶಾಲೆಯಿಂದ ಬಂದವರಲ್ಲ, ವೇಲ್ಸ್‌ನ ಸ್ವಾನ್ಸಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗೆಳೆಯರು. ಆದರೆ ಮೈ ಎಲ್ಲಿ ಸೋಲುತ್ತದೆ ಅನ್ನುವುದು ಕಣ್ಣಿಗೆ ಕಾಣಬೇಕು. ಅದು ಇಲ್ಲದಿದ್ದರೆ ತಂಡದವರಿಗೆ ಒಂದೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

## ಕೃತಿ ಹುಟ್ಟುವ ಬಗೆ

ಎಲ್ಲರೂ ಪೀನಾ ಬೌಷ್ ಪೀನಾ ಬೌಷ್ ಅಂತಾರೆ. ಅವರು ಅಂಥದ್ದೇನು ಮಾಡಿದ್ರು?

1973ರಲ್ಲಿ ವುಪ್ಪರ್ಟಾಲ್ ನಗರದ ರಂಗಮಂದಿರದ ಮುಖ್ಯಸ್ಥರಾಗಿದ್ದ ಆರ್ನೋ ವ್ಯೂಸ್ಟೆನ್‌ಹೋಫರ್ ಅಲ್ಲಿನ ಬ್ಯಾಲೆ ವಿಭಾಗವನ್ನು 33 ವರ್ಷದ ಪೀನಾ ಕೈಗೆ ಕೊಟ್ಟರು. ಜೋಲಿಂಗೆನ್ ಊರಲ್ಲಿ ಅಪ್ಪ ಅಮ್ಮ ನಡೆಸುತ್ತಿದ್ದ ವಸತಿ ಹೋಟೆಲಿನಲ್ಲಿ ಬೆಳೆದ ಹುಡುಗಿ, ಎಸ್ಸೆನ್‌ನ ಫೋಕ್ವಾಂಗ್ ಶಾಲೆಯಲ್ಲಿ ಕುರ್ಟ್ ಯೋಸ್ ಹತ್ತಿರ ಕಲಿತು, ನ್ಯೂಯಾರ್ಕಿನ ಜೂಲಿಯಾರ್ಡ್‌ಗೆ ಹೋಗಿ ಬಂದವರು. ವುಪ್ಪರ್ಟಾಲ್ ಕಾರ್ಖಾನೆಗಳ ಊರು. ಅಲ್ಲಿನ ಜನ ಟಿಕೆಟ್ ಕೊಳ್ಳುತ್ತಿದ್ದದ್ದು ಅಚ್ಚುಕಟ್ಟಾದ ಬ್ಯಾಲೆ ನೋಡುವುದಕ್ಕೆ. ಪೀನಾ ತಂಡದ ಹೆಸರನ್ನೇ ಟಾನ್ಸ್‌ಥಿಯೇಟರ್ ಎಂದು ಬದಲಿಸಿದರು. ಮೊದಮೊದಲು ಜನ ಅರ್ಧಕ್ಕೇ ಎದ್ದು, ಬಾಗಿಲು ದಡಾರನೆ ಹಾಕಿ ಹೋಗುತ್ತಿದ್ದರು.

1975ರಲ್ಲಿ ಸ್ಟ್ರಾವಿನ್‌ಸ್ಕಿ ಸಂಗೀತಕ್ಕೆ ‘ದ ರೈಟ್ ಆಫ್ ಸ್ಪ್ರಿಂಗ್’ ಮಾಡಿದರು. ಮಧ್ಯಂತರದಲ್ಲಿ ರಂಗದ ಕೆಲಸಗಾರರು ಜೌಗುನೆಲದ ಕಪ್ಪು ಮಣ್ಣು ತಂದು ಸುರಿದು, ಇಡೀ ವೇದಿಕೆಗೆ ಹರಡಿ ಸಮ ಮಾಡುತ್ತಾರೆ. ಆಮೇಲೆ ಬರಿಗಾಲಲ್ಲಿ ನರ್ತಕರು ಬರುತ್ತಾರೆ. ಹೆಂಗಸರದು ತೆಳು ಬಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಬೆವರಿಗೆ ಮಣ್ಣು ಮೆತ್ತಿಕೊಂಡು ಬಟ್ಟೆ, ತೋಳು, ಕೆನ್ನೆ ಎಲ್ಲ ಕಂದಾಗುತ್ತದೆ. ಒಂದು ಕೆಂಪು ಉಡುಪು ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ಮೈಗೆ ಬರುತ್ತದೋ ಅವಳು ಕುಣಿದೇ ಸಾಯಬೇಕು. ಮಣ್ಣಿನಲ್ಲಿ ಕಾಲು ಹೂತುಕೊಳ್ಳುವುದರಿಂದ ದಣಿವು ನಟನೆಯಲ್ಲ, ನಿಜವಾದದ್ದು. ಏದುಸಿರು ಪ್ರೇಕ್ಷಕರಿಗೆ ಕೇಳಿಸುತ್ತದೆ.

ಮಣ್ಣಿನ ಐಡಿಯಾ ಯಾರಿಗೆ ಬೇಕಾದರೂ ಬರಬಹುದು. ಅದನ್ನು ನಗರಸಭೆಯ ದುಡ್ಡಲ್ಲಿ ನಡೆಯುವ ರಂಗಮಂದಿರಕ್ಕೆ ಒಪ್ಪಿಸಿ, ಪ್ರತಿ ಸಲ ಹೊರಿಸಿ ಗುಡಿಸಿಸಿ, ನರ್ತಕರನ್ನು ಅದರಲ್ಲಿ ಬೀಳಲು ಒಪ್ಪಿಸಿ, ಜನ ಬೈದರೂ ಮುಂದಿನ ವರ್ಷ ಇನ್ನೊಂದು ಅಂಥದ್ದೇ ಕೃತಿ ತರುವುದು ಮುಖ್ಯಸ್ಥೆಯ ಕೆಲಸ. ಬಾಗಿಲು ದಡಾರೆಂದ ದಿನಗಳಲ್ಲಿ ಅವರನ್ನು ಉಳಿಸಿಕೊಂಡ ವ್ಯೂಸ್ಟೆನ್‌ಹೋಫರ್ ಹೆಸರನ್ನು ಯಾರೂ ಹೇಳುವುದಿಲ್ಲ. ನಾನು ಬೇಕೆಂದೇ ಹೇಳುತ್ತೇನೆ.

ಸ್ಕ್ರಿಪ್ಟೇ ಇಲ್ಲ ಅಂತೀರಿ. ಮೊದಲ ದಿನ ಏನಿಟ್ಟುಕೊಂಡು ಶುರು ಮಾಡ್ತಾರೆ?

ಪೀನಾ 1970ರ ದಶಕದ ಕೊನೆಯಿಂದ ಪ್ರಶ್ನೆಗಳನ್ನಿಟ್ಟುಕೊಂಡು ಶುರು ಮಾಡುತ್ತಿದ್ದರು. ನರ್ತಕರನ್ನು ಕೂರಿಸಿ, ನೆನಪು, ಭಯ, ಚಿಕ್ಕವರಿದ್ದಾಗಿನ ಆಟ, ಪ್ರೀತಿ, ಇಂಥವುಗಳ ಬಗ್ಗೆ ಕೇಳುವುದು. ಉತ್ತರ ಮಾತಾಗಬಹುದು, ಒಂದು ಚಲನೆಯಾಗಬಹುದು, ಹಾಡಾಗಬಹುದು. ಎಲ್ಲ ಬರೆದಿಟ್ಟುಕೊಂಡು, ಮುಕ್ಕಾಲು ಪಾಲು ಬಿಸಾಕಿ, ಉಳಿದದ್ದನ್ನು ಜೋಡಿಸುವುದು. ಡಿವಿ8 ತನ್ನ ಕೊನೆಕೊನೆಯ ಕೃತಿಗಳನ್ನು ನಿಜವಾದ ಜನರ ಸಂದರ್ಶನಗಳಿಂದ ಕಟ್ಟಿತು. ಆಡಿದ ಮಾತು ಹಾಗೇ ಇರುತ್ತದೆ, ಮೈ ಅದರ ಜೊತೆ ಬೇರೆಯದೇ ಹೇಳುತ್ತಿರುತ್ತದೆ. ಪುದುಚೇರಿ ಹತ್ತಿರದ ಆದಿಶಕ್ತಿ ರಂಗತಂಡದಲ್ಲಿ ವೀಣಾಪಾಣಿ ಚಾವ್ಲಾ ಉಸಿರಿನಿಂದ ಶುರು ಮಾಡಿದರು. ಒಂದೊಂದು ಭಾವಕ್ಕೆ ಒಂದೊಂದು ಉಸಿರಾಟ ಎಂಬ ಕೇರಳದ ಸಂಸ್ಕೃತ ನಾಟಕ ಪರಂಪರೆ ಕೂಡಿಯಾಟ್ಟಂನ ತಿಳಿವಳಿಕೆಯನ್ನು ಇವತ್ತಿನ ನಟರಿಗೆ ಒಗ್ಗಿಸಿದರು.

ದಾರಿ ಯಾವುದಾದರೂ ಆಗಲಿ, ಮೊದಲ ವಾರಗಳಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ. ಆಗ ಗಾಬರಿಯಾಗದೆ ಕೂರುವ ಧೈರ್ಯ ಡೈರೆಕ್ಟರಿಗೆ ಇರಬೇಕು. ಗಾಬರಿಯಾದವರು ಹಳೆಯ ಕೃತಿಯನ್ನೇ ಬೇರೆ ಬಟ್ಟೆ ತೊಡಿಸಿ ತರುತ್ತಾರೆ. ನೋಡುವವರಿಗೆ ಅದು ಗೊತ್ತಾಗುತ್ತದೆ.

ಪೀನಾಗೂ ನಮ್ಮ ದೇಶಕ್ಕೂ ಏನಾದ್ರೂ ನಂಟು ಇತ್ತಾ?

ಇತ್ತು. ತಂಡ 1979ರಲ್ಲೇ ಭಾರತಕ್ಕೆ ಬಂದಿತ್ತು, 1994ರಲ್ಲಿ ಮತ್ತೆ ಬಂತು. ಚೆನ್ನೈನ ನೃತ್ಯಗಾರ್ತಿ ಚಂದ್ರಲೇಖಾ ಪೀನಾಗೆ ಸ್ನೇಹಿತೆ. ಕೂಚಿಪುಡಿ ಕಲಾವಿದೆ ಶಾಂತಲಾ ಶಿವಲಿಂಗಪ್ಪ ಅವರ ತಂಡದ ಜೊತೆ ಕುಣಿದವರು. ಭಾರತದ ಓಡಾಟದಿಂದ ಹುಟ್ಟಿದ ‘ಬ್ಯಾಂಬೂ ಬ್ಲೂಸ್’ 2007ರಲ್ಲಿ ವುಪ್ಪರ್ಟಾಲ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು.

ಇಬ್ಬರು ಸೇರಿ ತಂಡ ನಡೆಸಬಹುದಾ? ಜಗಳ ಆಗಲ್ವಾ?

ಆಗುತ್ತೆ. ಆದರೂ ನಡೆಯುತ್ತೆ. ಫ್ರಾಂಟಿಕ್ ಅಸೆಂಬ್ಲಿಯನ್ನು 1994ರಲ್ಲಿ ಸ್ಕಾಟ್ ಗ್ರಹಾಂ, ಸ್ಟೀವನ್ ಹಾಗೆಟ್, ವಿಕಿ ಮಿಡಲ್‌ಟನ್ ಮೂವರೂ ಸೇರಿ ಶುರು ಮಾಡಿದರು. ಕಲೆಯ ಕಡೆ ಮೊದಲಿಬ್ಬರು, ಆಡಳಿತದ ಕಡೆ ಮಿಡಲ್‌ಟನ್. ಮುಂದೆ ಹಾಗೆಟ್ ಬೇರೆ ಕೆಲಸಗಳಿಗೆ ಹೋದರು, ಗ್ರಹಾಂ ಒಬ್ಬರೇ ಮುಂದುವರಿದರು. ಬ್ರಿಟನ್ನಿನ ನರ್ತಕ ಅಕ್ರಂ ಖಾನ್ ಕೂಡ 2000ದಲ್ಲಿ ತಂಡ ಕಟ್ಟಿದ್ದು ಫಾರೂಕ್ ಚೌಧರಿ ಎಂಬ ನಿರ್ಮಾಪಕರ ಜೊತೆ ಸೇರಿ. ನಮ್ಮಲ್ಲಿ ಎಡವುವುದು ಇಲ್ಲೇ. ಇಬ್ಬರು ಕಲಾವಿದರು ಸುಲಭವಾಗಿ ಸಿಗುತ್ತಾರೆ. ಲೆಕ್ಕ ಇಡುವ, ಟೂರ್ ಜೋಡಿಸುವ ಮೂರನೆಯವರು ಸಿಗುವುದಿಲ್ಲ. ಸಿಕ್ಕರೂ ಪೋಸ್ಟರಿನಲ್ಲಿ ಅವರ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ.

## ದುಡ್ಡು ಮತ್ತು ಅಧಿಕಾರ

ಇದರಲ್ಲಿ ಹೊಟ್ಟೆ ತುಂಬುತ್ತಾ? ನಿಜ ಹೇಳಿ.

ಟಿಕೆಟ್ ದುಡ್ಡಿನಿಂದ ತುಂಬುವುದಿಲ್ಲ. ವುಪ್ಪರ್ಟಾಲ್ ತಂಡಕ್ಕೆ ಬೆನ್ನಿಗೆ ನಗರವೇ ಇದೆ. ಬ್ರಿಟನ್ನಿನ ದೊಡ್ಡ ತಂಡಗಳಿಗೆ ಆರ್ಟ್ಸ್ ಕೌನ್ಸಿಲ್ ಇದೆ. ನಮ್ಮಲ್ಲಿ ತಂಡಗಳು ಟ್ರಸ್ಟ್ ಅಥವಾ ಸೊಸೈಟಿ ಆಗಿ ನೋಂದಾಯಿಸಿಕೊಂಡು, ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ (ಕಾಯಂ ಕಲಾವಿದರ ತಂಡ) ಅನುದಾನ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್‌ನಂಥ ಸಂಸ್ಥೆಗಳ ನೆರವು, ಕಂಪನಿಗಳ ಸಿಎಸ್‌ಆರ್ ಹಣ, ಇವುಗಳಿಗೆ ಅರ್ಜಿ ಹಾಕುತ್ತವೆ. ಜೊತೆಗೆ ಮಕ್ಕಳ ಕ್ಲಾಸು, ಶಾಲೆಗಳಲ್ಲಿ ವರ್ಕ್‌ಶಾಪ್, ಕಾರ್ಪೊರೇಟ್ ಶೋ. ಕಾರ್ಪೊರೇಟ್ ಶೋ ಬೇಡ ಎಂದು ಮೂಗು ಮುರಿಯುವವರನ್ನು ನೋಡಿದ್ದೇನೆ. ತಂಡದ ಆರು ಜನರ ಬಾಡಿಗೆ ಅದರಿಂದ ಕಟ್ಟುವುದಾದರೆ ತಪ್ಪೇನು? ವರ್ಷವಿಡೀ ಅದೇ ಆದಾಗ ಮಾತ್ರ ತೊಂದರೆ. ಹೊಸ ಕೃತಿಗೆ ತಾಲೀಮಿನ ದಿನಗಳೇ ಉಳಿಯುವುದಿಲ್ಲ.

ಅನುದಾನದ ಹಣ ತಡವಾಗಿ ಬರುತ್ತದೆ. ಮೂರು ನಾಲ್ಕು ತಿಂಗಳ ಸಂಬಳ ಕೈಯಲ್ಲಿಟ್ಟುಕೊಳ್ಳದೆ ಯಾರಿಗೂ ಪೂರ್ಣಕಾಲಿಕ ಕೆಲಸದ ಮಾತು ಕೊಡಬೇಡಿ.

ಆರ್ಟಿಸ್ಟಿಕ್ ಡೈರೆಕ್ಟರನ್ನು ಯಾರು ನೇಮಿಸ್ತಾರೆ? ಯಾರು ತೆಗೀತಾರೆ?

ಸ್ವಂತ ತಂಡ ಕಟ್ಟಿದವರನ್ನು ಯಾರೂ ನೇಮಿಸಿರುವುದಿಲ್ಲ, ಹಾಗಾಗಿ ತೆಗೆಯುವವರೂ ಇಲ್ಲ. ಅನುಕೂಲವೂ ಅದೇ, ಅಪಾಯವೂ ಅದೇ. ಸಾರ್ವಜನಿಕ ಹಣದ ತಂಡಗಳಲ್ಲಿ ಮಂಡಳಿಯೋ ನಗರವೋ ಸರ್ಕಾರವೋ ನೇಮಿಸುತ್ತದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣ ನಾಟಕದ ರೆಪರ್ಟರಿ, ನೃತ್ಯ ತಂಡವಲ್ಲ. ಆದರೆ ಸರ್ಕಾರ ನಿರ್ದೇಶಕರನ್ನು ನೇಮಿಸುವ ಪದ್ಧತಿಗೆ ನಮಗೆ ಹತ್ತಿರದ ಉದಾಹರಣೆ ಅದೇ. ಸರ್ಕಾರ ಬದಲಾದಾಗ ಆ ಕುರ್ಚಿಯ ಬಗ್ಗೆ ಮಾತು ಏಳುವುದು ಪೇಪರ್ ಓದುವವರಿಗೆ ಹೊಸದಲ್ಲ.

ವುಪ್ಪರ್ಟಾಲ್‌ನಲ್ಲೂ ಇದು ಕೋರ್ಟಿನವರೆಗೆ ಹೋಯಿತು. ಪೀನಾ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 2017ರಲ್ಲಿ ಮುಖ್ಯಸ್ಥೆಯಾಗಿ ಬಂದ ಅಡೋಲ್ಫೆ ಬಿಂಡರ್ ಅವರನ್ನು 2018ರ ಜುಲೈನಲ್ಲಿ ವಜಾ ಮಾಡಿದರು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ವಜಾ ಮಾಡಿದ್ದು ಊರ್ಜಿತವಲ್ಲ ಎಂದು ತೀರ್ಪು ಬಂತು. ಆದರೆ ಅವರು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಕೋರ್ಟ್ ಕೆಲಸ ಕೊಡಿಸಬಹುದು, ತಾಲೀಮಿನ ಕೋಣೆಯಲ್ಲಿ ಬೇಕಾದ ನಂಬಿಕೆ ಕೊಡಿಸಲಾರದು.

ತಾಲೀಮಿನಲ್ಲಿ ಮೈ ಮುಟ್ಟೋದು ಇದ್ದೇ ಇರುತ್ತೆ. ನನ್ನ ಮಗಳನ್ನು ಧೈರ್ಯವಾಗಿ ಕಳಿಸಬಹುದಾ?

ಕೇಳಬೇಕಾದ ಪ್ರಶ್ನೆಯೇ ಇದು. ಲಿಫ್ಟ್ ಮಾಡುವಾಗ, ತೂಕ ಹಂಚಿಕೊಳ್ಳುವಾಗ ಮುಟ್ಟದೆ ಆಗುವುದಿಲ್ಲ. ಅದೇ ನೆಪವಾಗಿ ಅಧಿಕಾರ ದುರುಪಯೋಗ ಆಗುವುದೂ ಇದೆ. ಬೆಲ್ಜಿಯಂನ ಪ್ರಸಿದ್ಧ ನಿರ್ದೇಶಕ ಯಾನ್ ಫಾಬ್ರ್ ವಿರುದ್ಧ ಅವರ ತಂಡದಲ್ಲಿ ಕೆಲಸ ಮಾಡಿದ 20 ಮಂದಿ 2018ರಲ್ಲಿ ಬಹಿರಂಗ ಪತ್ರ ಬರೆದರು. 2022ರ ಏಪ್ರಿಲ್‌ನಲ್ಲಿ ಆಂಟ್‌ವರ್ಪ್ ನ್ಯಾಯಾಲಯ ಅವರನ್ನು ತಪ್ಪಿತಸ್ಥ ಎಂದು ತೀರ್ಮಾನಿಸಿ 18 ತಿಂಗಳ ಜೈಲು ಶಿಕ್ಷೆ ಕೊಟ್ಟು, ಅದನ್ನು ಅಮಾನತಿನಲ್ಲಿಟ್ಟಿತು. ದೊಡ್ಡ ಹೆಸರು ಅನ್ನುವುದು ಭರವಸೆಯಲ್ಲ.

ಸೇರಿಸುವ ಮೊದಲು ಹೋಗಿ ಒಂದು ತಾಲೀಮು ನೋಡಿ. ಮುಟ್ಟುವ ಮೊದಲು ಕೇಳುತ್ತಾರಾ? ಬೇಡ ಎಂದವರನ್ನು ಅಣಕಿಸುತ್ತಾರಾ? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇರಲೇಬೇಕು. ತರಬೇತಿಗೆ ಬಂದವರು, ಸಂಬಳವಿಲ್ಲದೆ ದುಡಿಯುವವರು ಕೂಡ ಆ ಕಾಯ್ದೆಯೊಳಗೆ ಬರುತ್ತಾರೆ. ತಂಡ ಅದಕ್ಕಿಂತ ಚಿಕ್ಕದಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸಂಕೋಚಪಡದೆ ಕೇಳಿ. ಆ ಪ್ರಶ್ನೆಗೆ ಸಿಟ್ಟಾಗುವ ತಂಡಕ್ಕೆ ಕಳಿಸಬೇಡಿ.

## ಮುಖ್ಯಸ್ಥರು ಹೋದ ಮೇಲೆ

ತಂಡ ಕಟ್ಟಿದವರೇ ಹೋಗಿಬಿಟ್ಟರೆ ಆ ತಂಡ ಉಳಿಯುತ್ತಾ?

2009ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಫೆಬ್ರವರಿ 3ರಂದು ಯಕ್ಷಗಾನದ ಕೆರೆಮನೆ ಶಂಭು ಹೆಗಡೆ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಜೂನ್ 30ರಂದು ಪೀನಾ ಬೌಷ್ ಹೋದರು, ಕ್ಯಾನ್ಸರ್ ಎಂದು ಗೊತ್ತಾಗಿ ಐದೇ ದಿನಕ್ಕೆ. ಜುಲೈ 26ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಕೊರಿಯೋಗ್ರಾಫರ್ ಮರ್ಸ್ ಕನ್ನಿಂಗ್‌ಹ್ಯಾಮ್, 90ನೇ ವಯಸ್ಸಿನಲ್ಲಿ. ಮೂರೂ ತಂಡಗಳು ಹಿಡಿದ ದಾರಿ ಬೇರೆ ಬೇರೆ.

ಕನ್ನಿಂಗ್‌ಹ್ಯಾಮ್ ಬದುಕಿದ್ದಾಗಲೇ ತೀರ್ಮಾನ ಹೇಳಿ ಹೋಗಿದ್ದರು. ಎರಡು ವರ್ಷ ಲೋಕ ಸುತ್ತಿ ಕೊನೆಯ ಪ್ರದರ್ಶನ ಕೊಡಿ, ಆಮೇಲೆ ತಂಡ ಮುಚ್ಚಿ. 2011ರ ಡಿಸೆಂಬರ್ 31ರಂದು ಮುಚ್ಚಿಯೇಬಿಟ್ಟರು. ಕೃತಿಗಳ ಹಕ್ಕು ಒಂದು ಟ್ರಸ್ಟ್‌ಗೆ ಹೋಯಿತು. ಬೇರೆ ತಂಡಗಳು ಅನುಮತಿ ಪಡೆದು ಆಡಬಹುದು.

ವುಪ್ಪರ್ಟಾಲ್ ಮುಚ್ಚಲಿಲ್ಲ. ಮೊದಲು ತಂಡದೊಳಗಿನವರೇ ಹೊಣೆ ಹೊತ್ತರು: ಡೊಮಿನಿಕ್ ಮರ್ಸಿ ಮತ್ತು ರಾಬರ್ಟ್ ಸ್ಟುರ್ಮ್, ಆಮೇಲೆ ಲುಟ್ಸ್ ಫೋರ್ಸ್ಟರ್. ನಂತರ ಹೊರಗಿನವರು: ಬಿಂಡರ್, ಬೆಟ್ಟಿನಾ ವಾಗ್ನರ್-ಬೆರ್ಗೆಲ್ಟ್, 2022ರಿಂದ ಫ್ರೆಂಚ್ ಕೊರಿಯೋಗ್ರಾಫರ್ ಬೋರಿಸ್ ಶಾರ್ಮಾಟ್ಸ್. ಅವರೂ 2025ರಲ್ಲಿ ಬಿಟ್ಟರು. 36 ವರ್ಷ ಒಬ್ಬರೇ ನಡೆಸಿದ ತಂಡದಲ್ಲಿ ಆಮೇಲಿನ 16 ವರ್ಷಕ್ಕೆ ಆರು ಜನ. ಹೊಸಬರು ಹೊಸದು ಮಾಡಿದರೆ ಇದು ಪೀನಾ ಅಲ್ಲ ಅನ್ನುತ್ತಾರೆ. ಹಳೆಯದನ್ನೇ ಆಡಿಸಿದರೆ ಮ್ಯೂಸಿಯಂ ಆಯಿತು ಅನ್ನುತ್ತಾರೆ. ಪೀನಾ ಇಲ್ಲದೆ ಪೂರ್ಣ ಸಂಜೆಯ ಹೊಸ ಕೃತಿ ಬರುವುದಕ್ಕೆ 2018 ಆಗಬೇಕಾಯಿತು.

ಕೆರೆಮನೆಯಲ್ಲಿ ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆ ಮುಂದುವರಿಸಿದರು. ಮಂಡಳಿ ಶುರು ಮಾಡಿದ್ದು 1934ರಲ್ಲಿ ಅಜ್ಜ ಶಿವರಾಮ ಹೆಗಡೆ. ಅಪ್ಪನ ನಂತರ ಮಗ ಎಂಬುದಷ್ಟೇ ಆಗಿದ್ದರೆ ನಾನು ಇದನ್ನು ಇಲ್ಲಿ ಎತ್ತುತ್ತಿರಲಿಲ್ಲ. ಶಂಭು ಹೆಗಡೆ ಯುವಕರಾಗಿದ್ದಾಗ ದೆಹಲಿಗೆ ಹೋಗಿ ಮಾಯಾ ರಾವ್ ಹತ್ತಿರ ಕೊರಿಯೋಗ್ರಫಿ ಕಲಿತು ಬಂದವರು. 1986ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ತರಬೇತಿ ಕೇಂದ್ರ ಕಟ್ಟಿದರು. ಹಾಗಾಗಿ ಅವರು ಹೋದಾಗ ಅವರ ಹೆಜ್ಜೆ ಗೊತ್ತಿದ್ದವರು ಮನೆಯ ಹೊರಗೂ ಇದ್ದರು. ಮೂರರಲ್ಲಿ ತಯಾರಿ ಚೆನ್ನಾಗಿದ್ದದ್ದು ಇಲ್ಲಿ ಮತ್ತು ಕನ್ನಿಂಗ್‌ಹ್ಯಾಮ್ ಬಳಿ ಎಂದು ನನಗನ್ನಿಸುತ್ತದೆ.

ರಕ್ತಸಂಬಂಧ ಇಲ್ಲದೆ ಕೈ ಬದಲಾಗಿ ಉಳಿದ ತಂಡ ನಮ್ಮ ಕಡೆ ಇದೆಯಾ?

ಹೆಸರಘಟ್ಟದ ನೃತ್ಯಗ್ರಾಮ ಇದೆ. 1990ರಲ್ಲಿ ಪ್ರೋತಿಮಾ ಬೇಡಿ ಕಟ್ಟಿದರು. 1998ರಲ್ಲಿ ಕೈಲಾಸ ಮಾನಸ ಸರೋವರ ಯಾತ್ರೆಯ ದಾರಿಯಲ್ಲಿ ಮಾಲ್ಪಾದ ಭೂಕುಸಿತದಲ್ಲಿ ಅವರು ತೀರಿಕೊಂಡಾಗ, ಅಲ್ಲಿನ ಮೊದಲ ವಿದ್ಯಾರ್ಥಿನಿ ಸುರೂಪಾ ಸೇನ್ ಕಲೆಯ ಹೊಣೆ ಹೊತ್ತು ನಿಂತಿದ್ದರು. ಒಡಿಸ್ಸಿ ಅವರದು, ಫಿಸಿಕಲ್ ಥಿಯೇಟರ್ ಅಲ್ಲ. ಆದರೆ ಕೈ ಬದಲಾವಣೆಯ ಪಾಠ ಒಂದೇ. ಆದಿಶಕ್ತಿಯಲ್ಲೂ 2014ರಲ್ಲಿ ವೀಣಾಪಾಣಿ ಹೋದ ಮೇಲೆ, ಅವರ ಜೊತೆ ವರ್ಷಗಟ್ಟಲೆ ದುಡಿದಿದ್ದ ವಿನಯ್ ಕುಮಾರ್ ಮುಂದುವರಿಸಿದರು. ಎರಡೂ ಕಡೆ ಉತ್ತರಾಧಿಕಾರಿಯನ್ನು ಹುಡುಕಲು ಜಾಹೀರಾತು ಕೊಡಬೇಕಾಗಲಿಲ್ಲ. ಒಟ್ಟಿಗೆ ಒಂದೇ ಜಾಗದಲ್ಲಿ ಬದುಕಿ ಕಲಿತ ತಂಡಗಳಿಗೆ ಈ ಅನುಕೂಲ ಇರುತ್ತದೆ.

ಕಟ್ಟಿದವರೇ ಇಲ್ಲ. ವಿಡಿಯೋ ನೋಡಿ ಕಲಿಸ್ತಾರಾ?

ವಿಡಿಯೋ ಸಾಲುವುದಿಲ್ಲ. ಅದರಲ್ಲಿ ಹೆಜ್ಜೆ ಕಾಣುತ್ತದೆ, ತೂಕ ಯಾವ ಕಾಲಿನಲ್ಲಿತ್ತು ಅನ್ನುವುದು ಕಾಣುವುದಿಲ್ಲ. ಮೊದಲು ಆ ಪಾತ್ರ ಮಾಡಿದವರು ಬಂದು ಹೊಸಬರ ಪಕ್ಕ ನಿಂತು ಕಲಿಸಬೇಕು. ಸೆನೆಗಲ್‌ನ ಎಕೋಲ್ ದೆ ಸಾಬ್ಲ್ ಶಾಲೆಯಲ್ಲಿ ಆಫ್ರಿಕಾದ ಹಲವು ದೇಶಗಳ ನರ್ತಕರಿಗೆ ಪೀನಾ ಅವರ ಆ ಮಣ್ಣಿನ ಕೃತಿ ‘ದ ರೈಟ್ ಆಫ್ ಸ್ಪ್ರಿಂಗ್’ ಕಲಿಸಿದ್ದು ಹೀಗೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಪ್ರದರ್ಶನ ನಿಂತಾಗ, ಅಲ್ಲೇ ಸಮುದ್ರದಂಡೆಯ ಮರಳಿನ ಮೇಲೆ ಕುಣಿದು ಚಿತ್ರೀಕರಿಸಿಕೊಂಡರು. ಪೀನಾ ಬದುಕಿದ್ದಾಗಲೇ ‘ಕೊಂಟಾಕ್ಟ್‌ಹೋಫ್’ ಕೃತಿಯನ್ನು 65 ದಾಟಿದವರಿಗೂ ಹದಿಹರೆಯದವರಿಗೂ ಕಲಿಸಿ ಆಡಿಸಿದ್ದರು. ಮೈ ಬದಲಾದರೂ ಕೃತಿ ನಿಲ್ಲುತ್ತದಾ ಎಂದು ಅವರೇ ಪರೀಕ್ಷೆ ಮಾಡಿ ನೋಡಿದ ಹಾಗಾಯಿತು.

ಕೊರಿಯೋಗ್ರಫಿಗೆ ಕಾಪಿರೈಟ್ ಇದೆಯಾ? ಡೈರೆಕ್ಟರದ್ದಾ, ತಂಡದ್ದಾ?

ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕೊರಿಯೋಗ್ರಫಿ ನಾಟಕ ಕೃತಿಗಳ ಜೊತೆ ಬರುತ್ತದೆ. ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ತಾಲೀಮಿನಲ್ಲಿ ಹುಟ್ಟಿ, ಆಡಿ, ಮರೆತುಹೋದದ್ದಕ್ಕೆ ರಕ್ಷಣೆ ಇಲ್ಲ. ಅವಧಿ ಕರ್ತೃವಿನ ಜೀವಿತ ಮತ್ತು ನಂತರದ 60 ವರ್ಷ. ಸಂಬಳದ ನೌಕರರಾಗಿದ್ದು ಕೆಲಸದ ಭಾಗವಾಗಿ ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಸಂಸ್ಥೆಯದು.

ಇದು ಸುಮ್ನೆ ಕಾಗದದ ಮಾತಲ್ಲ. ಅಮೆರಿಕದ ಕೊರಿಯೋಗ್ರಾಫರ್ ಮಾರ್ಥಾ ಗ್ರಹಾಂ 1991ರಲ್ಲಿ ತೀರಿಕೊಂಡರು. ಎಲ್ಲ ಹಕ್ಕು ತನ್ನದು ಎಂದು ಅವರ ವಾರಸುದಾರ, ತಮ್ಮದು ಎಂದು ಅವರೇ ಕಟ್ಟಿದ ಸಂಸ್ಥೆ. ಜಗಳದ ಮಧ್ಯೆ ತಂಡವೇ ಕೆಲಕಾಲ ನಿಂತುಹೋಯಿತು. 2002ರಲ್ಲಿ ಕೋರ್ಟ್ ಹೆಚ್ಚಿನ ಕೃತಿಗಳು ಸಂಸ್ಥೆಯವು ಎಂದಿತು, ಕಾರಣ ಗ್ರಹಾಂ ಆ ಸಂಸ್ಥೆಯ ನೌಕರರಾಗಿದ್ದರು. ತಾನೇ ಕಟ್ಟಿದ ಸಂಸ್ಥೆಯಲ್ಲಿ ತಾನೇ ನೌಕರಳು!

ನಮ್ಮದು ಏಳು ಜನರ ತಂಡ. ಇಷ್ಟೆಲ್ಲ ಈಗಲೇ ಬೇಕಾ?

ಎಲ್ಲ ಬೇಡ. ಆದರೆ ಮೊದಲ ಕೃತಿ ಆಡುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಏಳೂ ಜನ ಸಹಿ ಹಾಕಿ: ಚಲನೆ ಯಾರು ಯಾರು ಕಟ್ಟಿದ್ದು, ಪೋಸ್ಟರಿನಲ್ಲಿ ಹೆಸರು ಹೇಗೆ ಬರುತ್ತದೆ, ತಂಡ ಬಿಟ್ಟವರು ಆ ಭಾಗವನ್ನು ಬೇರೆಡೆ ಆಡಬಹುದಾ, ಬಂದ ದುಡ್ಡು ಹೇಗೆ ಹಂಚಿಕೆ. ಸ್ನೇಹ ಚೆನ್ನಾಗಿರುವಾಗ ಬರೆದರೆ ಹತ್ತು ನಿಮಿಷದ ಕೆಲಸ, ಕೆಟ್ಟ ಮೇಲೆ ಲಾಯರ್ ಬೇಕು. ಪೂರ್ತಿ ವೇದಿಕೆ ಕಾಣುವ ಹಾಗೆ ಕ್ಯಾಮೆರಾ ಅಲ್ಲಾಡಿಸದೆ ಒಂದು ರೆಕಾರ್ಡಿಂಗ್ ಮಾಡಿ. ಚಂದದ ಕ್ಲೋಸಪ್ಪುಗಳ ಪ್ರಚಾರದ ವಿಡಿಯೋ ಕಲಿಸುವುದಕ್ಕೆ ಬರುವುದಿಲ್ಲ. ಯಾವ ಹೊತ್ತಿಗೆ ಯಾವ ಲೈಟ್ ಎಂದು ಬರೆದ ಕ್ಯೂ ಶೀಟ್ ಲೈಟ್ ಮಾಡುವವರ ಜೇಬಿನಲ್ಲಿ ಮಾತ್ರ ಇರಬಾರದು, ತಂಡದ ಫೈಲಿನಲ್ಲೂ ಇರಲಿ. ಬೇರೆಯವರ ಹಾಡು ಬಳಸಿದ್ದರೆ ಅದರ ಲೈಸೆನ್ಸ್ ಚೀಟಿಯನ್ನೂ ಅದೇ ಫೈಲಿಗೆ ಹಾಕಿ. ಇನ್ನು ಪ್ರತಿ ಪಾತ್ರಕ್ಕೂ ತಂಡದಲ್ಲಿ ಇನ್ನೊಬ್ಬರು ಕಲಿತಿರಲಿ, ಡೈರೆಕ್ಟರ್ ಮಾಡುವ ಪಾತ್ರಕ್ಕೂ.